ಬ್ಲೇಡು, ಪೆನ್ಸಿಲು, ಒಂದೆಳೆ ದಾರ

ನಮ್ಮ ಬ್ಯಾಂಡಿಗೆ ಇದ್ದದ್ದು ಒಂದೇ ಆಂಪ್ಲಿಫೈಯರ್. ಗಣೇಶನ ಪೆಂಡಾಲಿಗೆ ಮೈಕ್‌ಸೆಟ್ ಬಾಡಿಗೆ ಕೊಡುವವರೊಬ್ಬರು ಮೂಲೆಗೆ ಹಾಕಿದ್ದ ಹಳೆಯ ಪೆಟ್ಟಿಗೆ. ಮೂವರು ಹುಡುಗರು ದುಡ್ಡು ಕೂಡಿಸಿ ಅದನ್ನು ಕೊಂಡಿದ್ದೆವು. 1986ರ ಬೇಸಿಗೆ ರಜೆ, ನನಗಾಗ ಹದಿನಾರು. ಜಯನಗರದಲ್ಲಿದ್ದ ದೊಡ್ಡಮ್ಮನ ಮನೆಯ ಕಾರ್ ಶೆಡ್ಡು ಕಾರು ಮಾರಿದ ಮೇಲೆ ಖಾಲಿ ಬಿದ್ದಿತ್ತು. ಮಧ್ಯಾಹ್ನದ ಬಿಸಿಲು ಇಳಿಯುತ್ತಲೇ ಶುರುವಾದ ನಮ್ಮ ಅಭ್ಯಾಸ ದೇವರ ಮನೆಯಲ್ಲಿ ದೀಪ ಹಚ್ಚುವವರೆಗೆ ನಡೆಯುತ್ತಿತ್ತು. ನೆಲದಲ್ಲಿ ಎಂಜಿನ್ ಆಯಿಲಿನ ಕಲೆ, ಗೋಡೆಗೆ ಒರಗಿಸಿದ ಹಳೆಯ ಟೈರು, ಮೇಲೆ ಕಬ್ಬಿಣದ ಶೀಟು. ಡ್ರಮ್ಮಿನ ಒಂದೊಂದು ಏಟಿಗೂ ಶೀಟು ತಾನೂ ತಾಳ ಹಾಕುತ್ತಿತ್ತು.

ಪೆಟ್ಟಿಗೆಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ತರುವಾಗ ಒಂದು ದಿನ ಅನಾಹುತವಾಯಿತು. ತಿರುವಿನಲ್ಲಿ ಸೈಕಲ್ ಮಗುಚಿ, ಬ್ರೇಕಿನ ಕಂಬಿ ಸ್ಪೀಕರಿನ ಮುಂದಿನ ಬಟ್ಟೆಯನ್ನು ತೂರಿ ಒಳಗೆ ಹೋಯಿತು. ಕರಿ ಕಾಗದದ ಕೋನು ಅಂಗೈಯಗಲ ಹರಿದಿತ್ತು. ಎದೆ ಹೊಡೆದುಕೊಳ್ಳುತ್ತಿರುವಾಗಲೇ ಗಿಟಾರಿನ ವೈರು ಚುಚ್ಚಿ ತಂತಿ ಮೀಟಿದೆ. ಬಂದ ದನಿಯನ್ನು ಇವತ್ತಿಗೂ ಮರೆತಿಲ್ಲ. ಬರ್ರ್ ಎಂದು ಗಂಟಲು ಕಟ್ಟಿದ ಹುಲಿಯ ಹಾಗೆ ಗುರುಗುಟ್ಟಿತು. ಒಂದೇ ಮೀಟಿಗೆ ಶೆಡ್ಡು ತುಂಬಿತು. ದನಿ ಆರಲೇ ಒಲ್ಲದು. ಮೂರು ದಿನ ಅದರಲ್ಲೇ ನುಡಿಸಿದೆವು. ನಾಲ್ಕನೇ ದಿನ ಹಾಳಾದ ವಸ್ತುವನ್ನು ಹಾಗೇ ಬಿಡಬಾರದೆಂದು ಎಸ್.ಪಿ. ರಸ್ತೆಗೆ ಹೊತ್ತೊಯ್ದೆವು. ಅಂಗಡಿಯವರು ಕೋನಿನ ಮೇಲೆ ಬೆರಳಾಡಿಸಿ, "ಪೇಪರ್ ಹರಿದ್ಹೋಗಿದೆ ಕಣಪ್ಪ, ಕೋನ್ ಬದಲಾಯಿಸ್ಬೇಕು" ಎಂದರು. ಬದಲಾಯಿಸಿದರು. ವಾಪಸ್ ತಂದು ನುಡಿಸಿದರೆ ದನಿ ಶುದ್ಧವಾಗಿತ್ತು, ಆದರೆ ಚಪ್ಪೆ. ಮೂವರೂ ಮುಖ ಮುಖ ನೋಡಿಕೊಂಡೆವು. ಏನು ಹೋಯಿತೆಂದು ಹೇಳಲು ಯಾರಿಗೂ ಮಾತು ಹೊಳೆಯಲಿಲ್ಲ.

ನಾವು ದುಡ್ಡು ಕೊಟ್ಟು ಕಳೆದುಕೊಂಡ ಆ ದನಿಯನ್ನು ಲೋಕ ಒಂದಲ್ಲ, ನಾಲ್ಕಾರು ಸಲ ಕಂಡುಹಿಡಿದಿತ್ತು. ಪ್ರತಿ ಸಲವೂ ಏನಾದರೊಂದು ಕೆಟ್ಟಿತ್ತು. ಪ್ರತಿ ಸಲವೂ ಯಾರೋ ಒಬ್ಬರು ಅದನ್ನು ರಿಪೇರಿಗೆ ಕೊಡಲು ಒಪ್ಪಲಿಲ್ಲ.

ಮೊದಲು 1951ರ ಮಾರ್ಚ್ ತಿಂಗಳಿಗೆ ಹೋಗೋಣ. ಅಮೆರಿಕದ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಊರಿನಿಂದ ಕರಿಯ ಹುಡುಗರ ತಂಡವೊಂದು ಹೈವೇ 61 ಹಿಡಿದು ಮೆಂಫಿಸ್‌ಗೆ ಹೊರಟಿತ್ತು. ತಂಡದ ನಾಯಕ ಐಕ್ ಟರ್ನರ್, ವಯಸ್ಸು 19. ಗಿಟಾರ್ ವಿಲ್ಲಿ ಕಿಜಾರ್ಟನದು. ದಾರಿಯಲ್ಲಿ ಅವನ ಆಂಪ್ಲಿಫೈಯರಿಗೆ ಪೆಟ್ಟಾಯಿತು. ಕಾರಿನಿಂದ ಬಿತ್ತೆಂದು ಕೆಲವರ ನೆನಪು, ಮಳೆಗೆ ನೆನೆಯಿತೆಂದು ಇನ್ನು ಕೆಲವರದು. ಯೂನಿಯನ್ ಅವೆನ್ಯೂದ ಪುಟ್ಟ ಸ್ಟುಡಿಯೋ ತಲುಪಿ ಸ್ವಿಚ್ ಹಾಕಿದರೆ ಒಡಕು ದನಿ. ರಿಪೇರಿಗೆ ಪುರಸೊತ್ತಿರಲಿಲ್ಲ. ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ಸ್ಪೀಕರಿನೊಳಗೆ ಕಾಗದ ತುರುಕಿ ನೋಡಿದ. ದನಿ ನೆಟ್ಟಗಾಗಲಿಲ್ಲ, ಇನ್ನಷ್ಟು ಮಂದ್ರದಲ್ಲಿ ಗುಂಯ್ಗುಟ್ಟಿತು. ಸ್ಯಾಕ್ಸೊಫೋನ್ ಒಂದು ಜೊತೆಗೂಡಿದ ಹಾಗೆ ಅವನ ಕಿವಿಗೆ ಕೇಳಿತು. ಮುಚ್ಚಿಡುವ ಬದಲು ಅದನ್ನೇ ಮುಂದೆ ತಂದು ರೆಕಾರ್ಡ್ ಮಾಡಿದ. 'ರಾಕೆಟ್ 88' ಎಂಬ ಆ ಹಾಡು ಆ ವರ್ಷ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು. ರಾಕ್ ಅಂಡ್ ರೋಲ್‌ನ ಮೊದಲ ಹಾಡು ಯಾವುದು ಎಂಬ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ.

ಎರಡನೆಯ ಸಲ ಅದು ಬಂದದ್ದು ಒಂದು ಕುಣಿತದ ಕೂಟದಲ್ಲಿ. ವರ್ಜೀನಿಯಾದ ಫ್ರೆಡೆರಿಕ್ಸ್‌ಬರ್ಗ್‌ನಲ್ಲಿ ಲಿಂಕ್ ರೇ ಗಿಟಾರ್ ನುಡಿಸುತ್ತಿದ್ದ. ಹುಡುಗ ಹುಡುಗಿಯರು ನಿಧಾನ ಹೆಜ್ಜೆಯ ಕುಣಿತಕ್ಕೊಂದು ಹಾಡು ಬೇಕೆಂದರು. ಅವನಿಗೆ ಬರುತ್ತಿರಲಿಲ್ಲ, ಅಲ್ಲೇ ಒಂದನ್ನು ಕಟ್ಟಿ ನುಡಿಸಿದ. ಆಂಪ್ಲಿಫೈಯರಿನ ಮುಂದೆ ಇಟ್ಟ ಮೈಕು ಅದನ್ನು ಎತ್ತಿ ಸಭಾಂಗಣದ ತುಂಬ ಒಡೆದ ದನಿಯಾಗಿ ಹರಡಿತು. ಜನ ಮತ್ತೆ ಮತ್ತೆ ಅದನ್ನೇ ಕೇಳಿದರು. ಆಮೇಲೆ ಸ್ಟುಡಿಯೋದಲ್ಲಿ ಕೂತು ಅದೇ ರಾಗ ನುಡಿಸಿದರೆ ನೀಟಾಗಿ ಬಂತು, ಹಾಗಾಗಿಯೇ ಸಪ್ಪೆಯಾಯಿತು. ರೇ ಪೆನ್ಸಿಲ್ ತೆಗೆದುಕೊಂಡು ತನ್ನ ಆಂಪ್ಲಿಫೈಯರಿನ ಸಣ್ಣ ಸ್ಪೀಕರಿಗೆ ತೂತು ಕೊರೆದ. 1958ರಲ್ಲಿ 'ರಂಬಲ್' ಬಿಡುಗಡೆಯಾಯಿತು. ಒಂದು ಪದವೂ ಇಲ್ಲದ, ಬರೀ ವಾದ್ಯದ ಹಾಡು. ಹಾಗಿದ್ದೂ ಹುಡುಗರನ್ನು ಹೊಡೆದಾಟಕ್ಕೆ ಹಚ್ಚುತ್ತದೆಂದು ಕೆಲವು ರೇಡಿಯೋ ನಿಲಯಗಳು ಅದನ್ನು ನಿಷೇಧಿಸಿದವು.

ಮೆಂಫಿಸ್‌ನಲ್ಲಿ ದನಿ ತಾನಾಗಿ ಒಡೆದಿತ್ತು, ಇಲ್ಲಿ ಬೇಕೆಂದೇ ಒಡೆದರು. ಕಂಡುಹಿಡಿಯುವುದರಲ್ಲಿ ಇದು ದೊಡ್ಡ ಹೆಜ್ಜೆ. ಒಮ್ಮೆ ಆದದ್ದನ್ನು ಮತ್ತೊಮ್ಮೆ ಆಗಿಸಲು ಬಂದರೆ ತಾನೇ ಅದು ಕೈವಶವಾಯಿತು ಎನ್ನುವುದು!

ಮೂರನೆಯ ಕತೆ ಹಳ್ಳಿಗಾಡಿನ ಹಾಡುಗಳ ರಾಜಧಾನಿ ನ್ಯಾಶ್‌ವಿಲ್‌ನದು. ಮಾರ್ಟಿ ರಾಬಿನ್ಸ್ 'ಡೋಂಟ್ ವರಿ' ಎಂಬ ಮೆಲ್ಲನೆಯ ಹಾಡನ್ನು ರೆಕಾರ್ಡ್ ಮಾಡುತ್ತಿದ್ದ. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದದ್ದು ಆರು ತಂತಿಯ ಬಾಸ್ ಗಿಟಾರ್. ಅವನ ಸರದಿ ಬಂದಾಗ ದನಿ ಇದ್ದಕ್ಕಿದ್ದಂತೆ ಜೇನ್ನೊಣದ ಗುಂಪಿನಂತಾಯಿತು. ಗಿಟಾರಿನ ತಪ್ಪಲ್ಲ, ಸ್ಟುಡಿಯೋದ ಮಿಕ್ಸಿಂಗ್ ಮೇಜಿನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಸಾಯುತ್ತಿತ್ತು. ತೆಗೆಯುವುದೋ ಉಳಿಸುವುದೋ ಎಂದು ಚರ್ಚೆಯಾಗಿ ಕೊನೆಗೆ ಉಳಿಸಿಕೊಂಡರು. 1961ರಲ್ಲಿ ಆ ಹಾಡು ಕಂಟ್ರಿ ಪಟ್ಟಿಯಲ್ಲಿ ಹತ್ತು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ತಮಗೂ ಅಂಥದೇ ದನಿ ಬೇಕೆಂದು ಬೇರೆಯವರು ಕೇಳಿಕೊಂಡು ಬಂದರು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಪೂರ್ತಿ ಸತ್ತಿತ್ತು. ಆಗ ಎಂಜಿನಿಯರ್ ಗ್ಲೆನ್ ಸ್ನಾಡಿ ಒಂದು ತಮಾಷೆಯ ಕೆಲಸಕ್ಕೆ ಕೂತ. ಕೆಟ್ಟ ಯಂತ್ರ ಮಾಡುತ್ತಿದ್ದುದನ್ನು ಕೆಡದ ಯಂತ್ರದಿಂದ ಮಾಡಿಸಬೇಕು! ಮೂರು ಟ್ರಾನ್ಸಿಸ್ಟರುಗಳ ಸರ್ಕಿಟ್ ಹೂಡಿದ. ಅದನ್ನು ಗಿಬ್ಸನ್ ಕಂಪನಿ 1962ರಲ್ಲಿ 'ಮೆಸ್ಟ್ರೋ ಫಜ್-ಟೋನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕಾಲಿನಿಂದ ಒತ್ತುವ ಪುಟ್ಟ ಡಬ್ಬಿ. ಒತ್ತಿದರೆ ದನಿ ಒಡೆಯುತ್ತದೆ, ಮತ್ತೊತ್ತಿದರೆ ಕೂಡಿಕೊಳ್ಳುತ್ತದೆ. ಅಂಗಡಿಗಳಲ್ಲಿ ಅದು ಧೂಳು ತಿನ್ನುತ್ತ ಕೂತಿತು. ಅದರಿಂದ ಏನು ಮಾಡಬಹುದೆಂದು ಗಿರಾಕಿಗಳಿಗೆ ತೋಚಲಿಲ್ಲ.

ತೋಚಿಸಿದವರು ಹುಡುಗರು. ಅದಕ್ಕೆ ಲಂಡನ್ನಿನ ಉತ್ತರಕ್ಕಿರುವ ಫೋರ್ಟಿಸ್ ಗ್ರೀನ್‌ಗೆ ಹೋಗಬೇಕು.

ಡೆನ್ಮಾರ್ಕ್ ಟೆರೇಸ್‌ನ ಆರನೇ ನಂಬರಿನ ಸಣ್ಣ ಮನೆ. ಆರು ಅಕ್ಕಂದಿರ ನಂತರ ಹುಟ್ಟಿದ ಇಬ್ಬರು ಗಂಡುಮಕ್ಕಳು, ರೇ ಡೇವಿಸ್ ಮತ್ತು ಡೇವ್ ಡೇವಿಸ್. ಮುಂದಿನ ಕೋಣೆಯಲ್ಲೊಂದು ಪಿಯಾನೋ; ಶನಿವಾರ ರಾತ್ರಿ ಮನೆಮಂದಿಯೆಲ್ಲ ಅದರ ಸುತ್ತ ಸೇರಿ ಹಾಡಬೇಕು. 1957ರ ಜೂನಿನಲ್ಲಿ, ರೇಗೆ ಹದಿಮೂರು ತುಂಬುವ ಹೊತ್ತಿಗೆ, ಅಕ್ಕ ರೆನೆ ಅವನಿಗೆ ಗಿಟಾರೊಂದನ್ನು ಉಡುಗೊರೆ ಕೊಟ್ಟಳು. ಅವಳ ಹೃದಯ ಮೊದಲಿನಿಂದಲೂ ದುರ್ಬಲ. ಉಡುಗೊರೆ ಕೊಟ್ಟು ಕುಣಿತಕ್ಕೆ ಹೋದವಳು ಅಂದಿನ ರಾತ್ರಿಯೇ ಲೈಸಿಯಂ ನೃತ್ಯಶಾಲೆಯಲ್ಲಿ ಕುಣಿಯುತ್ತ ಕುಣಿಯುತ್ತಲೇ ತೀರಿಕೊಂಡಳು. ಆ ಮನೆಯಲ್ಲಿ ಗಿಟಾರ್ ಬರೀ ವಾದ್ಯವಾಗಿ ಉಳಿಯಲಿಲ್ಲ.

ತಮ್ಮ ಡೇವ್‌ನ ಹತ್ತಿರ ಎಲ್ಪಿಕೋ ಎಂಬ ಹಸಿರು ಬಣ್ಣದ, ಅಗ್ಗದ, ಪುಟ್ಟ ಆಂಪ್ಲಿಫೈಯರಿತ್ತು. ಅದರ ದನಿ ಅವನಿಗೆ ಹಿಡಿಸುತ್ತಿರಲಿಲ್ಲ. ಒಳಗೆ ಬೇರೆ ಸಂಕಟವೂ ಇತ್ತು: ಪ್ರೀತಿಸಿದ ಹುಡುಗಿಯಿಂದ ಹಿರಿಯರು ಅವನನ್ನು ದೂರ ಮಾಡಿದ್ದರು. ಒಂದು ದಿನ ಗಡ್ಡ ಹೆರೆಯುವ ಬ್ಲೇಡು ಹಿಡಿದು ಸ್ಪೀಕರಿನ ಮುಂದೆ ಕೂತ. ಕೋನಿನ ನಡುವಿನಿಂದ ಅಂಚಿನವರೆಗೆ ಸೀಳುತ್ತ ಹೋದ. ಕಾಗದ ಎಳೆಎಳೆಯಾದರೂ ಚೌಕಟ್ಟು ಬಿಟ್ಟು ಬೀಳಲಿಲ್ಲ. ಮೀಟಿದಾಗ ಆ ಸೀಳುಗಳು ಪಟಪಟ ಬಡಿದುಕೊಂಡು ದನಿಗೆ ಗರಗಸದ ಹಲ್ಲು ಬಂತು. ಆ ಪುಟ್ಟ ಪೆಟ್ಟಿಗೆಯನ್ನು ವಾಕ್ಸ್ ಎಸಿ-30 ಎಂಬ ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿದ. ಪುಟ್ಟದರ ಗಾಯ ದೊಡ್ಡದರ ಬಾಯಲ್ಲಿ ಕೂಗಾಯಿತು.

ಅಣ್ಣ ರೇ ಅದೇ ಮುಂದಿನ ಕೋಣೆಯ ಪಿಯಾನೋದ ಮೇಲೆ ಒಂದು ಹಾಡಿನ ಎತ್ತುಗಡೆ ಕಟ್ಟಿದ್ದ. ಅದನ್ನು ತಮ್ಮ ಗಿಟಾರಿನಲ್ಲಿ ಹಿಡಿದ. ಅವರ ತಂಡ 'ದಿ ಕಿಂಕ್ಸ್' ಅದಾಗಲೇ ಎರಡು ರೆಕಾರ್ಡ್ ತಂದಿತ್ತು, ಎರಡೂ ಓಡಿರಲಿಲ್ಲ. ಮೂರನೆಯದೂ ಸೋತರೆ ಕತೆ ಮುಗಿಯುತ್ತಿತ್ತು. 'ಯೂ ರಿಯಲಿ ಗಾಟ್ ಮಿ' ಹಾಡನ್ನು ಮೊದಲ ಸಲ ರೆಕಾರ್ಡ್ ಮಾಡಿದಾಗ ಅದು ನಿಧಾನವಾಗಿ, ಪ್ರತಿಧ್ವನಿ ತುಂಬಿಕೊಂಡು, ನಯವಾಗಿ ಬಂತು. ಹುಡುಗರಿಗೆ ಅದು ತಮ್ಮ ಹಾಡೆನಿಸಲಿಲ್ಲ. ಹಟ ಹಿಡಿದರು. 1964ರ ಜುಲೈಯಲ್ಲಿ ಐಬಿಸಿ ಸ್ಟುಡಿಯೋದಲ್ಲಿ, ನಿರ್ಮಾಪಕ ಶೆಲ್ ಟಾಲ್ಮಿಯ ಎದುರು ಮತ್ತೆ ನುಡಿಸಿದರು. ಈ ಸಲ ಹರಿದ ಕೋನಿನ ದನಿ ಇದ್ದ ಹಾಗೇ ಟೇಪಿಗೆ ಬಿತ್ತು. ಆಗಸ್ಟ್ ಮೊದಲ ವಾರ ಹಾಡು ಬಿಡುಗಡೆಯಾಯಿತು. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಮೊದಲ ಸ್ಥಾನ. ಡೇವ್‌ಗೆ ಆಗ 17 ವರ್ಷ.

ಆ ಹೊತ್ತಿಗೆ ಅಮೆರಿಕದ ಕಾರ್ ಶೆಡ್ಡುಗಳಲ್ಲೂ ಗದ್ದಲ ಎದ್ದಿತ್ತು. 1963ರ ಏಪ್ರಿಲ್‌ನಲ್ಲಿ ಪೋರ್ಟ್‌ಲ್ಯಾಂಡ್ ಊರಿನ ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ 'ಲೂಯಿ ಲೂಯಿ' ಹಾಡನ್ನು ರೆಕಾರ್ಡ್ ಮಾಡಿತ್ತು. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಗಾಯಕ, ಎತ್ತರಕ್ಕೆ ತೂಗುಬಿಟ್ಟ ಮೈಕಿನತ್ತ ಕತ್ತೆತ್ತಿ ಕೂಗಿದ. ಪದಗಳು ಎಷ್ಟು ಮಸುಕಾಗಿದ್ದವೆಂದರೆ, ಅದರಲ್ಲಿ ಅಶ್ಲೀಲವಿದೆಯೆಂಬ ದೂರಿನ ಮೇಲೆ ಎಫ್‌ಬಿಐ ತನಿಖೆಯನ್ನೇ ನಡೆಸಿತು. ಏನು ಹಾಡಿದ್ದಾರೆಂದು ಅದಕ್ಕೂ ತಿಳಿಯಲಿಲ್ಲ. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಟೀವಿಯ ನೇರ ಪ್ರಸಾರದಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಸುಮಾರು 7.3 ಕೋಟಿ ಜನ ನೋಡಿದರು. ಬೀದಿಬೀದಿಯಲ್ಲೂ ನಾಲ್ಕು ಹುಡುಗರು ಸೇರಿ ಗಿಟಾರ್ ಕೊಂಡರು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನ ಎತ್ತುಗಡೆಯನ್ನು ಸ್ನಾಡಿಯ ಫಜ್ ಡಬ್ಬಿಯಲ್ಲಿ ನುಡಿಸಿದ. ಮುಂದೆ ಆ ಜಾಗಕ್ಕೆ ತುತ್ತೂರಿಗಳು ಬರಲಿವೆ, ಸದ್ಯಕ್ಕೆ ಗುರುತಿಗಿರಲಿ ಎಂದುಕೊಂಡಿದ್ದ. ಹಾಡು ಹಾಗೇ ಹೊರಬಿತ್ತು. ಧೂಳು ತಿನ್ನುತ್ತಿದ್ದ ಡಬ್ಬಿಗಳು ಆ ವರ್ಷವೇ ಖಾಲಿಯಾದವು. ಇಂಥ ಹುಡುಗರ ಹಾಡುಗಳನ್ನು 1972ರಲ್ಲಿ ಲೆನ್ನಿ ಕೇ 'ನಗೆಟ್ಸ್' ಎಂಬ ಸಂಕಲನದಲ್ಲಿ ಒಟ್ಟುಗೂಡಿಸಿದ. ಕಾರ್ ಶೆಡ್ಡಿನ ಈ ಸಂಗೀತಕ್ಕೆ ಗ್ಯಾರೇಜ್ ರಾಕ್ ಎಂಬ ಹೆಸರು ನಿಂತದ್ದು ಆಮೇಲೆಯೇ.

ಇಷ್ಟಕ್ಕೂ ದನಿ ಒಡೆದರೆ ಕಿವಿಗೆ ಹಿತವೇಕೆ? ಅದರ ಲೆಕ್ಕ ಸರಳವಾಗಿದೆ, ಸುಂದರವಾಗಿಯೂ ಇದೆ.

ಸ್ಪೀಕರಿನ ಕೋನು ವಿದ್ಯುತ್ತಿನ ಅಲೆಯ ಜೊತೆ ಹಿಂದೆ ಮುಂದೆ ಓಡಾಡುತ್ತದೆ. ಅಲೆ ಗುಂಡಗೆ, ನಯವಾಗಿದ್ದರೆ ಒಂದೇ ಸ್ವರ ಕೇಳುತ್ತದೆ. ಆಂಪ್ಲಿಫೈಯರಿಗೆ ತನ್ನ ಶಕ್ತಿ ಮೀರಿ ಕೆಲಸ ಕೊಟ್ಟರೆ ಅಲೆಯ ನೆತ್ತಿ ಅದಕ್ಕೆ ಎಟುಕುವುದಿಲ್ಲ, ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಕಂಪನಗಳು ಹೊಸದಾಗಿ ಹುಟ್ಟುತ್ತವೆ. ಮೂಲ ಷಡ್ಜವಾದರೆ ಮೂರನೆಯದು ಪಂಚಮ, ಐದನೆಯದು ಅಂತರ ಗಾಂಧಾರ. ಒಂದೇ ತಂತಿ ಮೀಟಿದರೂ ಒಳಗೊಂದು ಮೇಳವೇ ಎದ್ದು ನಿಲ್ಲುತ್ತದೆ.

ಗ್ಯಾರೇಜಿನ ಹುಡುಗರು ಎರಡೇ ಸ್ವರದ ಹಿಡಿತ ಹಿಡಿಯುತ್ತಿದ್ದರು, ಷಡ್ಜ ಮತ್ತು ಪಂಚಮ. ಕಲಿಯಲು ಸುಲಭವೆಂಬುದು ಒಂದು ಕಾರಣ. ಇನ್ನೊಂದು ಕಾರಣ ದನಿಯೊಳಗೇ ಇದೆ. ಒಡೆದ ದನಿಯಲ್ಲಿ ಎರಡು ಸ್ವರ ಕೂಡಿದರೆ ಅವುಗಳ ಮೊತ್ತವೂ ಅಂತರವೂ ಸ್ವರವಾಗಿ ಕೇಳುತ್ತವೆ. ಷಡ್ಜ 200 ಕಂಪನ, ಪಂಚಮ 300 ಎಂದಿಟ್ಟುಕೊಳ್ಳಿ. ಅಂತರ 100, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ. ಮೊತ್ತ 500, ಅಂದರೆ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಯಾರೂ ನುಡಿಸದ ಎರಡು ಸ್ವರಗಳು ತಾವಾಗಿ ಬಂದು ಕೂಡಿಕೊಳ್ಳುತ್ತವೆ. ಅದೇ ಮೂರು ನಾಲ್ಕು ಸ್ವರಗಳ ತುಂಬು ಹಿಡಿತವಾದರೆ ಈ ಮೊತ್ತ ಅಂತರಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ. ಗಣಿತ ತಿಳಿಯದೆಯೇ ಹುಡುಗರ ಬೆರಳು ಸರಿಯಾದ ಜಾಗ ಹುಡುಕಿಕೊಂಡಿತ್ತು.

ಇಷ್ಟು ಬರೆಯುವಾಗ ಕನ್ನಡದ ಓದುಗರಿಗೆ ಏನೋ ನೆನಪಾಗಿರಬೇಕು. ಷಡ್ಜ, ಪಂಚಮ, ತಾನಾಗಿ ಮೂಡುವ ಗಾಂಧಾರ... ಇದು ತಂಬೂರಿಯ ಲೆಕ್ಕವೇ! ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳುತ್ತದೆ. ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತೇವೆ. ಅದು ಕೇಳಬೇಕಾದರೆ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದೆಳೆ ದಾರ ಬೇಕು. ದಾರ ಸರಿಯಾದ ಜಾಗದಲ್ಲಿದ್ದರೆ ತಂತಿ ಕುದುರೆಯ ಬೆನ್ನನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಝೇಂಕರಿಸುತ್ತದೆ. ಆ ದಾರಕ್ಕೆ ನಮ್ಮವರು ಇಟ್ಟ ಹೆಸರು ಜೀವಾಳ. ದಾರವಿಲ್ಲದ ತಂಬೂರಿಯ ದನಿ ಶುದ್ಧ, ಒಣ. 1921ರಲ್ಲಿ, ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ ತಂಬೂರಿ ಮತ್ತು ವೀಣೆಗಳ ಮೇಲೆ ಪ್ರಬಂಧವೊಂದನ್ನು ಪ್ರಕಟಿಸಿದರು. ತಂತಿಯನ್ನು ಮೀಟಿದ ಜಾಗದಿಂದಾಗಿ ಕೆಲವು ಉಪಸ್ವರಗಳು ಹುಟ್ಟಲೇಬಾರದೆಂದು ಯೂರೋಪಿನ ಸಿದ್ಧಾಂತ ಹೇಳುತ್ತಿತ್ತು. ಈ ವಾದ್ಯಗಳಲ್ಲಿ ಅವು ಗಟ್ಟಿಯಾಗಿ ಕೇಳುತ್ತವೆಂದು ರಾಮನ್ ತೋರಿಸಿದರು. ಕಾರಣ, ತಂತಿ ಮತ್ತು ಕುದುರೆಯ ಆ ಮುಟ್ಟಾಟ. ಯಾರೋ ಹಿಂದಿನವರು, ಹೆಸರು ಉಳಿಸದವರು, ತಂತಿ ಕುದುರೆಗೆ ತಗುಲಿ ಬುಸುಗುಟ್ಟಿದಾಗ ಅದನ್ನು ತಪ್ಪೆಂದು ತಿದ್ದದೆ ಕಿವಿಗೊಟ್ಟಿದ್ದರು.

ಈ ಎರಡು ದನಿಗಳು ಒಮ್ಮೆ ನಿಜವಾಗಿಯೂ ಭೇಟಿಯಾದವು. 1965ರ ಆರಂಭದಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಕಿಂಕ್ಸ್ ಹುಡುಗರು ದಾರಿಯಲ್ಲಿ ಬೊಂಬಾಯಿಯಲ್ಲಿ ತಂಗಿದರು. ಬೆಳಗಿನ ಜಾವ ಕೆಲಸಕ್ಕೆ ಹೊರಟ ಮೀನುಗಾರರು ಹಾಡಿಕೊಂಡು ಹೋಗುವುದನ್ನು ರೇ ಡೇವಿಸ್ ಕಡಲ ಬಳಿ ಕೇಳಿದ. ಆ ವರ್ಷವೇ 'ಸೀ ಮೈ ಫ್ರೆಂಡ್ಸ್' ಎಂಬ ಹಾಡು ಬಂತು. ಅದರಲ್ಲಿ ಗಿಟಾರ್ ತಂಬೂರಿಯ ಹಾಗೆ ಒಂದೇ ಶ್ರುತಿ ಹಿಡಿದು ಗುನುಗುತ್ತದೆ. ಬೀಟಲ್ಸ್ ಸಿತಾರ್ ಬಳಸಿದ ಹಾಡು ಹೊರಬರಲು ಇನ್ನೂ ಕೆಲವು ತಿಂಗಳಿದ್ದವು. ಬ್ಲೇಡು ಹಿಡಿದು ಕೋನು ಸೀಳಿದವರ ಕಿವಿಗೆ ಝೇಂಕಾರದ ಪರಿಚಯ ಆಗಲೇ ಆಗಿತ್ತೆಂದು ನನಗೆ ಅನಿಸುತ್ತದೆ.

ಈಗ ದೊಡ್ಡಮ್ಮನ ಶೆಡ್ಡಿಗೆ ವಾಪಸ್ ಬರುತ್ತೇನೆ. ದೊಡ್ಡಮ್ಮ ಒಳಗೆ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಹೊರಗೆ ನಮ್ಮ ಅಬ್ಬರ, ಒಳಗೆ ಸರಳೆ ವರಸೆ. ಒಂದು ದಿನವೂ ನಿಲ್ಲಿಸಿ ಎಂದವರಲ್ಲ. ಹೊಸ ಕೋನು ಹಾಕಿಸಿ ತಂದ ಸಂಜೆ ಮಾತ್ರ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತು ಕೇಳಿದರು.

"ಏನೋ ಮಾಡಿದ್ರಿ ಅದಕ್ಕೆ?"

"ರಿಪೇರಿ ಮಾಡ್ಸಿದ್ವಿ ದೊಡ್ಡಮ್ಮ. ಹರಿದುಹೋಗಿತ್ತು."

"ಮೊನ್ನೆ ಜೀವ ಇತ್ತಲ್ಲೋ ಅದರಲ್ಲಿ. ಇವತ್ತು ಬರೀ ಪೆಟ್ಟಿಗೆ ಕೂಗ್ತಿದೆ."

ಜೀವ ಎಂದದ್ದನ್ನು ನಾನು ಮಾತಿಗೆ ಹೇಳಿದ್ದೆಂದುಕೊಂಡೆ. ಸಂಗೀತದವರ ಬಾಯಲ್ಲಿ ಆ ಮಾತಿಗೆ ಲೆಕ್ಕಕ್ಕೆ ಸಿಗುವ, ಬೆರಳಿಗೆ ಸಿಗುವ ಅರ್ಥವಿದೆಯೆಂದು ಹದಿನಾರರ ನನಗೆ ಗೊತ್ತಿರಲಿಲ್ಲ. ದಿನಾ ಸಂಜೆ ಪಾಠಕ್ಕೆ ಮೊದಲು ಅವರು ಮಾಡುತ್ತಿದ್ದ ಕೆಲಸವನ್ನು ಮಾತ್ರ ನೋಡಿದ್ದೆ. ತಂಬೂರಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಬಿಳಿ ದಾರದ ಎರಡು ತುದಿ ಹಿಡಿದು, ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಸರಿಸುತ್ತ, ಇನ್ನೊಂದು ಕೈಯಲ್ಲಿ ತಂತಿ ಮೀಟುತ್ತ ಕಿವಿ ಬಾಗಿಸಿ ಕಾಯುತ್ತಿದ್ದರು. ದನಿ ಒಣಗಿದ್ದದ್ದು ಒಂದು ಗಳಿಗೆಯಲ್ಲಿ ಅರಳಿಬಿಡುತ್ತಿತ್ತು. ಆಗ ಅವರ ಮುಖವೂ ಅರಳುತ್ತಿತ್ತು.

ದೊಡ್ಡಮ್ಮ ಈಗಿಲ್ಲ. ತಂಬೂರಿ ನನ್ನ ಮನೆಯಲ್ಲಿದೆ. ಮಗಳು ತನ್ನ ಗಿಟಾರಿಗೆ ಫಜ್ ಡಬ್ಬಿಯೊಂದನ್ನು ಕೊಂಡು ತಂದ ದಿನ, ಅದರ ಗುಂಡಿ ತಿರುಗಿಸುತ್ತ ತಿರುಗಿಸುತ್ತ ಒಂದು ಕಡೆ ತಟ್ಟನೆ ನಿಂತಳು. ತಲೆ ಒಂದು ಬದಿಗೆ ಬಾಗಿತ್ತು. ಅವಳನ್ನು ಕರೆದು ತಂಬೂರಿಯ ಮುಂದೆ ಕೂರಿಸಿ, ದಾರದ ತುದಿಯನ್ನು ಕೈಗೆ ಕೊಟ್ಟೆ. ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಡಲಿಲ್ಲ. ಅವಳು ಸರಿಸುತ್ತ ಹೋದಳು, ನಾನು ಪಂಚಮ ಮೀಟುತ್ತ ಕೂತೆ.